ಸಿಂಬಳ ಹಸಿರಾದ ಕೂಡಲೇ ಆಂಟಿಬಯಾಟಿಕ್ ಬೇಕೆ? ನೆಗಡಿ ಸೈನಸ್ ಸೋಂಕಾಗುವುದು ಯಾವಾಗ?

ವಸತಿಶಾಲೆ_ನರ್ಸ್:

ಎಲ್ಲರಿಗೂ ನಮಸ್ಕಾರ. 6ರಿಂದ 10ನೇ ತರಗತಿವರೆಗಿನ ಮಕ್ಕಳಿರುವ ವಸತಿ ಶಾಲೆಯ ಆರೋಗ್ಯ ಕೊಠಡಿಗೆ ನೆಗಡಿಯ ಬಗ್ಗೆ ಒಂದು ಪುಟದ ಸೂಚನೆ ಬರೆಯಬೇಕಿದೆ. ರಾತ್ರಿ ಪಾಳಿಯ ವಾರ್ಡನ್ ಓದಿದರೂ ಅರ್ಥವಾಗಬೇಕು. ಮಳೆಗಾಲ ಶುರುವಾದರೆ ಒಂದೇ ವಾರದಲ್ಲಿ ಅರ್ಧ ಹಾಸ್ಟೆಲ್ ಸೀನುತ್ತಿರುತ್ತದೆ. ಮೂರನೇ ದಿನಕ್ಕೆ ಸಿಂಬಳ ಹಳದಿಯೋ ಹಸಿರೋ ಆಗುತ್ತದೆ. ಮನೆಯವರಿಂದ ಫೋನ್ ಬರುತ್ತದೆ: "ಸೈನಸ್‌ಗೆ ಇಳಿದುಬಿಟ್ಟಿದೆ, ಆಂಟಿಬಯಾಟಿಕ್ ಕೊಡಿಸಿ, ಎಕ್ಸ್‌ರೇ ತೆಗೆಸಿ."

ನನಗೆ ಸ್ಪಷ್ಟವಾಗಬೇಕಾದದ್ದು ಇಷ್ಟು. ನೆಗಡಿಗೂ ಸೈನಸ್ ಸೋಂಕಿಗೂ ನಿಜವಾದ ನಂಟೇನು? ಬಣ್ಣ ನೋಡಿ ತೀರ್ಮಾನಿಸಬಹುದೆ? ಎಷ್ಟು ದಿನ ಕಾಯಬೇಕು, ಯಾವ ಲಕ್ಷಣ ಕಂಡರೆ ಕಾಯಲೇಬಾರದು? ಆವಿ, ಉಪ್ಪುನೀರು, ಮೂಗಿನ ಡ್ರಾಪ್ಸ್ ಇವುಗಳ ಸರಿಯಾದ ಅಳತೆ ಏನು? ಅಂದಾಜಿನ ಮಾತು ಬೇಡ, ಹಾಳೆಯ ಮೇಲೆ ಬರೆಯುವಂತಿರಬೇಕು.

ಇಎನ್‌ಟಿ_ಧಾರವಾಡ:

ಮೇಡಂ, "ಸೈನಸ್‌ಗೆ ಇಳಿಯಿತು" ಅನ್ನುವ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಗೊಂದಲದ ಬೇರು ಅಲ್ಲಿದೆ. ನೆಗಡಿ ಮೊದಲು ಮೂಗಿನಲ್ಲಿ ಕೂತು, ಆಮೇಲೆ ಕೆಟ್ಟು ಸೈನಸ್‌ಗೆ ಇಳಿಯುತ್ತದೆ ಅಂತ ಜನ ತಿಳಿದಿದ್ದಾರೆ. ಮೂಗಿನ ಒಳಪದರವೂ ಸೈನಸ್‌ಗಳ ಒಳಪದರವೂ ನಡುವೆ ಗಡಿಯಿಲ್ಲದ ಒಂದೇ ಹಾಸು. ವೈರಸ್ ಬಂದರೆ ಎರಡೂ ಒಟ್ಟಿಗೇ ಊದಿಕೊಳ್ಳುತ್ತವೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜ್ಯಾಕ್ ಗ್ವಾಲ್ಟ್ನಿ ಅವರ ತಂಡ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಷ್ಟೇ ನೆಗಡಿ ಶುರುವಾಗಿದ್ದ 31 ದೊಡ್ಡವರಿಗೆ ಸಿಟಿ ಸ್ಕ್ಯಾನ್ ಮಾಡಿದರು. 27 ಜನರ ಕೆನ್ನೆಯ ಸೈನಸ್‌ಗಳಲ್ಲಿ ತೊಂದರೆ ಕಂಡಿತು. ಯಾರಿಗೂ ಆಂಟಿಬಯಾಟಿಕ್ ಕೊಟ್ಟಿರಲಿಲ್ಲ. ಸುಮಾರು ಎರಡು ವಾರದ ಮೇಲೆ 14 ಜನರಿಗೆ ಮತ್ತೆ ಸ್ಕ್ಯಾನ್ ಮಾಡಿದಾಗ 11 ಜನರಲ್ಲಿ ಅದು ತಾನಾಗಿಯೇ ಪೂರ್ತಿ ಹೋಗಿತ್ತು ಅಥವಾ ಬಹಳ ಕಡಿಮೆಯಾಗಿತ್ತು.

ನಿಮ್ಮ ಎಕ್ಸ್‌ರೇ ಪ್ರಶ್ನೆಗೂ ಇದೇ ಉತ್ತರ. ನೆಗಡಿಯಾದ ಮಗುವಿಗೆ ನಾಲ್ಕನೇ ದಿನ ಎಕ್ಸ್‌ರೇ ತೆಗೆದರೆ ಕೆನ್ನೆ ಜಾಗ ಮಬ್ಬಾಗಿ ಕಾಣುವುದು ಸಹಜ. ಅದು ವೈರಸ್ಸಿನದೋ ಬ್ಯಾಕ್ಟೀರಿಯಾದ್ದೋ ಎಂದು ಚಿತ್ರ ಹೇಳುವುದಿಲ್ಲ. ಮಬ್ಬು ಕಂಡಿತು, "ಸೈನಸೈಟಿಸ್" ಎಂದು ರಿಪೋರ್ಟ್ ಬಂತು, ಆಂಟಿಬಯಾಟಿಕ್ ಬರೆದರು: ಬೇಡದ ಔಷಧಿ ಮಕ್ಕಳ ಹೊಟ್ಟೆ ಸೇರುವ ದಾರಿ ಇದು. ತೊಡಕು ಬಂದಿದೆ ಎನ್ನುವ ಅನುಮಾನ ಇದ್ದಾಗ ಮಾತ್ರ ಚಿತ್ರ ಬೇಕು, ಆಗಲೂ ಎಕ್ಸ್‌ರೇ ಅಲ್ಲ, ಸಿಟಿ ಅಥವಾ ಎಂಆರ್‌ಐ.

ಈಗ ನಂಟಿನ ವಿಷಯ. ಸೈನಸ್ ಅಂದರೆ ಮುಖದ ಎಲುಬಿನೊಳಗಿನ ಗಾಳಿಗೂಡು. ನಾಲ್ಕು ಜೋಡಿ ಇವೆ: ಕೆನ್ನೆಯಲ್ಲಿ, ಹುಬ್ಬಿನ ಮೇಲೆ ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ ಜೇನುಹಟ್ಟಿಯಂಥ ಸಣ್ಣ ಕೋಣೆಗಳಾಗಿ, ಮತ್ತು ಮೂಗಿನ ತೀರಾ ಹಿಂದೆ ತಲೆಯ ನಡುವೆ. ಕೆನ್ನೆಯದು ದೊಡ್ಡವರಲ್ಲಿ ಸುಮಾರು 15 ಮಿಲಿ ಹಿಡಿಯುತ್ತದೆ. ಅದರ ಬಾಯಿ ಎರಡು ಮೂರು ಮಿಲಿಮೀಟರಿನಷ್ಟು ಕಿರಿದು, ಅದೂ ತಳದಲ್ಲಿಲ್ಲ, ಮೇಲುಗಡೆ ಇದೆ. ಕೆಳಗೆ ನಲ್ಲಿಯೇ ಇಲ್ಲದೆ ಮೇಲೆ ಓವರ್‌ಫ್ಲೋ ಪೈಪ್ ಮಾತ್ರ ಇರುವ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಅದರೊಳಗಿನ ಲೋಳೆ ತಾನಾಗಿ ಸುರಿದುಹೋಗುವುದಿಲ್ಲ. ಒಳಗೋಡೆಯ ಮೇಲಿನ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿದು ಅದನ್ನು ಮೇಲಕ್ಕೆ ಏರಿಸಿ ಹೊರಗೆ ದೂಡಬೇಕು.

ನೆಗಡಿಯಲ್ಲಿ ಆ ಕಿರುಬಾಯಿ ಊದಿ ಮುಚ್ಚುತ್ತದೆ. ಒಳಗಿನ ಗಾಳಿಯನ್ನು ರಕ್ತ ಹೀರಿಕೊಳ್ಳುತ್ತದೆ, ಆಮ್ಲಜನಕ ಇಳಿಯುತ್ತದೆ, ರೋಮಗಳ ಬಡಿತ ಕುಂದುತ್ತದೆ, ಲೋಳೆ ಮಂದವಾಗಿ ನಿಲ್ಲುತ್ತದೆ. ಮೂಗಿನ ಹಿಂಭಾಗದಲ್ಲಿ ಸದ್ದಿಲ್ಲದೆ ವಾಸವಿರುವ ನ್ಯೂಮೋಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜಾ, ಮೊರಾಕ್ಸೆಲ್ಲಾ ಬ್ಯಾಕ್ಟೀರಿಯಾಗಳಿಗೆ ಆ ನಿಂತ ಲೋಳೆಯೇ ಮಡು. ಅಲ್ಲಿ ಅವು ಬೆಳೆದರೆ ಮಾತ್ರ ಅದು ಬ್ಯಾಕ್ಟೀರಿಯಾದ ಸೈನಸ್ ಸೋಂಕು. ದೊಡ್ಡವರ ನೂರು ನೆಗಡಿಗಳಲ್ಲಿ ಹೆಚ್ಚೆಂದರೆ ಎರಡು ಈ ಹಂತಕ್ಕೆ ಹೋಗುತ್ತವೆ, ಮಕ್ಕಳಲ್ಲಿ ಐದರಿಂದ ಹತ್ತು. ಉಳಿದವುಗಳಲ್ಲಿ ಬಾವು ಇಳಿದು, ಬಾಯಿ ತೆರೆದು, ಟ್ಯಾಂಕ್ ತಾನೇ ಖಾಲಿಯಾಗುತ್ತದೆ.

ಬಣ್ಣದ ಬಗ್ಗೆ. ವೈರಸ್ ವಿರುದ್ಧ ಹೋರಾಡಲು ಬರುವ ಬಿಳಿ ರಕ್ತಕಣಗಳಲ್ಲಿ ಕಬ್ಬಿಣದ ಅಂಶವಿರುವ ಒಂದು ಹಸಿರು ಕಿಣ್ವ ಇರುತ್ತದೆ. ಆ ಕಣಗಳು ಸತ್ತು ಲೋಳೆಯಲ್ಲಿ ಸೇರಿದಷ್ಟೂ ಬಣ್ಣ ಗಾಢವಾಗುತ್ತದೆ. ಮೂರನೇ ನಾಲ್ಕನೇ ದಿನದ ಹಳದಿ, ಹಸಿರು ಎರಡೂ ನೆಗಡಿಯ ಮಾಮೂಲಿ ನಡೆ. ರಾತ್ರಿಯಿಡೀ ನಿಂತಿದ್ದ ಬೆಳಗಿನ ಮೊದಲ ಸಿಂಬಳ ಯಾವಾಗಲೂ ಹೆಚ್ಚು ಹಸಿರು, ಮಧ್ಯಾಹ್ನಕ್ಕೆ ತಿಳಿಯಾಗುತ್ತದೆ. ನಿಮ್ಮ ಹಾಳೆಯಲ್ಲಿ ಮೊದಲ ಸಾಲಾಗಿ ಇದನ್ನೇ ಬರೆಯಿರಿ: ಬಣ್ಣ ನೋಡಬೇಡಿ, ದಿನ ಎಣಿಸಿ, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ.

ಸಾಮಾನ್ಯ ನೆಗಡಿ ವೈರಸ್ ತಗುಲಿದ ಒಂದರಿಂದ ಮೂರು ದಿನಕ್ಕೆ ಗಂಟಲ ಕೆರೆತದಿಂದ ಶುರುವಾಗುತ್ತದೆ. ಎರಡು ಮೂರನೇ ದಿನ ಜೋರು. ಜ್ವರ ಬಂದಿದ್ದರೆ ಮೊದಲ ಎರಡು ದಿನ ಇದ್ದು ಹೋಗುತ್ತದೆ. ಐದು ಆರನೇ ದಿನದಿಂದ ಇಳಿಮುಖ. ಹತ್ತನೇ ದಿನಕ್ಕೆ ಪೂರ್ತಿ ಹೋಗಿರಬೇಕೆಂದಿಲ್ಲ, ಆದರೆ ಕಡಿಮೆಯಾಗುತ್ತಿರಬೇಕು. ಈ ಗೆರೆ ತಪ್ಪಿದಾಗ ಬ್ಯಾಕ್ಟೀರಿಯಾದ ಅನುಮಾನ. ತಪ್ಪುವ ಬಗೆ ಮೂರು. ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದೆ ಸಿಂಬಳ, ಹಗಲು ಕೆಮ್ಮು ಹಾಗೇ ಇರುವುದು ಒಂದು. ಶುರುವಿನಲ್ಲೇ 39 ಡಿಗ್ರಿ ಸೆಲ್ಸಿಯಸ್, ಅಂದರೆ 102 ಫ್ಯಾರನ್‌ಹೀಟ್ ಮುಟ್ಟುವ ಜ್ವರದ ಜೊತೆ ಕೀವಿನಂಥ ಸಿಂಬಳವೋ ಮುಖದ ನೋವೋ ಮೂರು ನಾಲ್ಕು ದಿನ ಸತತವಾಗಿ ಇರುವುದು ಎರಡು. ಮೂರನೆಯದು ಮರುಕಳಿಕೆ: ಐದಾರು ದಿನಕ್ಕೆ ಗುಣಮುಖ ಕಂಡು, ಮಗು ಆಟಕ್ಕೂ ಹೋಗಿ, ಏಳೆಂಟನೇ ದಿನ ಮತ್ತೆ ಜ್ವರ, ತಲೆನೋವು, ಸಿಂಬಳ ಹೆಚ್ಚುವುದು. ಈ ಮೂರರಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಿ.

ವಸತಿಶಾಲೆ_ನರ್ಸ್:

ಧನ್ಯವಾದ ಸರ್, ಟ್ಯಾಂಕಿನ ಹೋಲಿಕೆ ಹಾಳೆಗೆ ಹಾಕುತ್ತೇನೆ. ಎರಡು ಅನುಮಾನ. ಹತ್ತು ದಿನ ಎಣಿಸುವುದು ಯಾವತ್ತಿನಿಂದ, ಗಂಟಲು ಕೆರೆದ ದಿನದಿಂದಲೋ ಮೂಗು ಸುರಿದ ದಿನದಿಂದಲೋ? ಹಾಸ್ಟೆಲ್‌ನಲ್ಲಿ ಒಂದು ನೆಗಡಿ ಮುಗಿಯುವುದರೊಳಗೆ ಇನ್ನೊಂದು ಹಿಡಿಯುತ್ತದೆ. ತಿಂಗಳಿಡೀ ಮೂಗು ಸುರಿಯುವ ಮಗುವನ್ನು ಏನೆಂದು ಬರೆದುಕೊಳ್ಳಬೇಕು?

ಮಕ್ಕಳ_ಡಾಕ್ಟರ್_ಮೈಸೂರು:

ಮೊದಲ ಲಕ್ಷಣ ಕಂಡ ದಿನವೇ ಒಂದನೇ ದಿನ. ಗಂಟಲು ಕೆರೆದಿದ್ದರೆ ಅಲ್ಲಿಂದಲೇ.

ಎರಡನೆಯದು ಒಳ್ಳೆಯ ಪ್ರಶ್ನೆ, ಇಲ್ಲೇ ಹೆಚ್ಚಿನವರು ಎಡವುವುದು. ನೆಗಡಿ ಉಂಟುಮಾಡುವ ವೈರಸ್‌ಗಳು 200ಕ್ಕೂ ಹೆಚ್ಚು. ಅದರಲ್ಲಿ ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆ. ಒಂದಕ್ಕೆ ಬಂದ ರೋಗನಿರೋಧಕ ಶಕ್ತಿ ಇನ್ನೊಂದಕ್ಕೆ ನಿಲ್ಲುವುದಿಲ್ಲ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ, ದೊಡ್ಡವರಿಗೆ ಎರಡು ಮೂರು ಸಲ ನೆಗಡಿ ಬರುವುದು ಸಹಜ. ಅದರ ಬಹುಪಾಲು ಮಳೆ, ಚಳಿಗಾಲದಲ್ಲೇ ಬಂದರೆ ಲೆಕ್ಕ ಹಾಕಿ: ಮಗು ಎರಡು ಮೂರು ತಿಂಗಳು ಸತತವಾಗಿ ನೆಗಡಿಯಲ್ಲೇ ಇದ್ದಂತೆ ಕಾಣುತ್ತದೆ.

ಬೇರೆ ಮಾಡುವುದು ಹೀಗೆ. ಒಂದು ನೋಟ್‌ಬುಕ್‌ನಲ್ಲಿ ಮಗುವಿನ ಹೆಸರಿನ ಮುಂದೆ ದಿನಕ್ಕೊಂದು ಗುರುತು ಹಾಕಿ: ಹೆಚ್ಚು, ಅಷ್ಟೇ, ಕಡಿಮೆ. ಇಳಿದು ಒಂದೆರಡು ದಿನ ಚೆನ್ನಾಗಿದ್ದು, ಮತ್ತೆ ಗಂಟಲು ಕೆರೆತ, ಸೀನು, ನೀರಿನಂಥ ಸಿಂಬಳದಿಂದ ಶುರುವಾದರೆ ಅದು ಹೊಸ ನೆಗಡಿ, ಎಣಿಕೆ ಒಂದರಿಂದ. ಸೀನು, ಕೆರೆತ ಯಾವುದೂ ಇಲ್ಲದೆ ನೇರವಾಗಿ ಜ್ವರ, ಮುಖದ ನೋವು, ದಪ್ಪ ಸಿಂಬಳದಿಂದ ಹೆಚ್ಚಾದರೆ ಅದು ಮರುಕಳಿಕೆ. ಈ ವ್ಯತ್ಯಾಸ ಬರವಣಿಗೆಯಲ್ಲಿ ಇದ್ದರೆ ನೋಡುವ ವೈದ್ಯರ ಅರ್ಧ ಕೆಲಸ ಆಗಿರುತ್ತದೆ.

ಬರೀ ಕೆಮ್ಮು ಉಳಿದಿದೆ, ಮೂಗು ಸರಿಯಾಗಿದೆ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ ಎಂದರೆ ಎರಡು ಮೂರು ವಾರ ಇರಬಹುದು, ಅದು ಸೈನಸ್ ಅಲ್ಲ. ಎರಡು ವಾರ ದಾಟಿದ ಕೆಮ್ಮನ್ನು ಹೇಗೂ ಒಮ್ಮೆ ತೋರಿಸಿ. ಜೊತೆಗೆ ತೂಕ ಇಳಿಕೆ, ಸಂಜೆ ಜ್ವರ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು.

ಇನ್ನೊಂದು ಗುಂಪು ಇದೆ. ಬೆಳಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು, ಮೂಗು ಕಣ್ಣು ತುರಿಕೆ, ನೀರಿನಂಥ ಸಿಂಬಳ, ಜ್ವರ ಇಲ್ಲ, ಮೂಗನ್ನು ಅಂಗೈಯಿಂದ ಮೇಲಕ್ಕೆ ಉಜ್ಜುತ್ತಲೇ ಇರುವುದು. ಇದು ಅಲರ್ಜಿ. ಧೂಳಿನ ನುಸಿ, ಬೂಷ್ಟು, ನಮ್ಮ ಕಡೆ ಪಾರ್ಥೇನಿಯಂ ಗಿಡದ ಪರಾಗ ಇದಕ್ಕೆ ಕಾರಣ. "ನಂಗೆ ಸೈನಸ್ ಇದೆ" ಎನ್ನುವವರಲ್ಲಿ ಬಹಳಷ್ಟು ಜನರಿಗೆ ಇರುವುದು ಈ ಅಲರ್ಜಿಯೇ. ಇವರಿಗೆ ಆಂಟಿಬಯಾಟಿಕ್‌ನಿಂದ ಏನೂ ಆಗದು. ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ, ದಿಂಬಿನ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯುವುದು, ಇವು ಕೆಲಸ ಮಾಡುತ್ತವೆ. ಅಲರ್ಜಿ ಹತೋಟಿಯಲ್ಲಿಲ್ಲದಿದ್ದರೆ ಸೈನಸ್ ಬಾಯಿ ಮೊದಲೇ ಅರ್ಧ ಊದಿರುತ್ತದೆ, ಸಣ್ಣ ನೆಗಡಿಗೂ ಪೂರ್ತಿ ಮುಚ್ಚಿಕೊಳ್ಳುತ್ತದೆ.

ಒಂದೇ ಹೊಳ್ಳೆಯಿಂದ ಮಾತ್ರ ಕೆಟ್ಟ ವಾಸನೆಯ ಸಿಂಬಳ ಬಂದರೆ ಸೈನಸ್ ಎನ್ನುವ ಮೊದಲು ಒಳಗೆ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿಸಿ. ಚಿಕ್ಕ ಮಕ್ಕಳಲ್ಲಿ ಕಡಲೆಕಾಳು, ಹುಣಸೆ ಬೀಜ, ಮಣಿ, ರಬ್ಬರ್ ತುಂಡು ಸಿಗುತ್ತವೆ. ಗುಂಡಿಯಾಕಾರದ ಬ್ಯಾಟರಿ ಎಂಬ ಅನುಮಾನ ಬಂದರೂ ಸಾಕು, ಅದು ತುರ್ತು. ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆಯನ್ನು ಸುಟ್ಟು ತೂತು ಮಾಡಬಲ್ಲದು.

ಫಾರ್ಮಸಿಸ್ಟ್_ದಾವಣಗೆರೆ:

ಔಷಧಿಗಳ ಭಾಗ ನಾನು ಹೇಳುತ್ತೇನೆ.

ಜ್ವರ, ನೋವಿಗೆ ಪ್ಯಾರಾಸಿಟಮಾಲ್. ಮಕ್ಕಳಿಗೆ ಒಂದು ಸಲಕ್ಕೆ ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಆರು ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. 30 ಕಿಲೋ ಮಗುವಿಗೆ 450 ಮಿಲಿಗ್ರಾಂ. 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ 9 ಮಿಲಿ. ಇಲ್ಲಿ ಒಂದು ಎಚ್ಚರ. ಅದೇ ಔಷಧಿ 5 ಮಿಲಿಗೆ 120 ಅಥವಾ 125 ಮಿಲಿಗ್ರಾಮಿನ ಬಾಟಲಿಯಲ್ಲೂ ಬರುತ್ತದೆ. ಬಾಟಲಿ ಬದಲಾದಾಗ ಅಳತೆ ಬದಲಿಸದಿದ್ದರೆ ಡೋಸ್ ಇಮ್ಮಡಿಯೋ ಅರ್ಧವೋ ಆಗುತ್ತದೆ. ಆರೋಗ್ಯ ಕೊಠಡಿಯಲ್ಲಿ ಒಂದೇ ಬಗೆಯದನ್ನು ಇಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ವೈರಸ್ ಜ್ವರದಲ್ಲಿ ಯಕೃತ್ತು, ಮಿದುಳು ಎರಡನ್ನೂ ಕೆಡಿಸುವ ರೇ ಸಿಂಡ್ರೋಮ್ ಬರುವ ಅಪಾಯ ಇದೆ.

"ನೆಗಡಿ ಮಾತ್ರೆ" ಎಂದು ಅಂಗಡಿಯಲ್ಲಿ ಸಿಗುವ ಬಹುತೇಕ ಮಾತ್ರೆಗಳು ಮಿಶ್ರಣ: ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್ ಅಥವಾ ಸೆಟಿರಿಜಿನ್, ಜೊತೆಗೆ ಫಿನೈಲ್‌ಎಫ್ರಿನ್. ಇದನ್ನೂ ಕೊಟ್ಟು, ಜ್ವರಕ್ಕೆಂದು ಬೇರೆ ಪ್ಯಾರಾಸಿಟಮಾಲನ್ನೂ ಕೊಟ್ಟರೆ ಎರಡು ಪಾಲು ಒಳಗೆ ಹೋಗುತ್ತದೆ. ಕ್ಲೋರ್‌ಫೆನಿರಮಿನ್ ಮಂಪರು ತರುತ್ತದೆ, ಲೋಳೆಯನ್ನು ಒಣಗಿಸಿ ಗಟ್ಟಿ ಮಾಡುತ್ತದೆ. ಸೈನಸ್ ಖಾಲಿಯಾಗಬೇಕಾದ ಹೊತ್ತಿನಲ್ಲಿ ಅದು ನಮಗೆ ಬೇಡದ್ದು. ಬಾಯಿಂದ ತೆಗೆದುಕೊಳ್ಳುವ ಫಿನೈಲ್‌ಎಫ್ರಿನ್ ಮೂಗು ಬಿಡಿಸುವುದರಲ್ಲಿ ಕೆಲಸ ಮಾಡುವುದಿಲ್ಲ ಎಂದು ಅಮೆರಿಕದ ಎಫ್‌ಡಿಎ ಸಲಹಾ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮತದಿಂದ ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಔಷಧ ನಿಯಂತ್ರಕರು ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ ಮೇಲೆ ಬರೆಯಲು ಆದೇಶಿಸಿದರು. ನಿಮ್ಮ ಮಕ್ಕಳು ದೊಡ್ಡವರು, ಆದರೆ ಊರಿಗೆ ಹೋದಾಗ ಅದೇ ಬಾಟಲಿಯನ್ನು ಮನೆಯ ಪುಟ್ಟ ತಮ್ಮನಿಗೂ ಕುಡಿಸುವುದು ನಡೆಯುತ್ತದೆ. ಹಾಳೆಯಲ್ಲಿ ಒಂದು ಸಾಲು ಇರಲಿ.

ಮೂಗು ಬಿಡಿಸುವ ಡ್ರಾಪ್ಸ್, ಅಂದರೆ ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್. ಒಟ್ರಿವಿನ್, ನ್ಯಾಸಿವಿಯಾನ್ ಎಂಬ ಹೆಸರಲ್ಲಿ ಎಲ್ಲರಿಗೂ ಗೊತ್ತು. ಹತ್ತು ನಿಮಿಷದೊಳಗೆ ಮೂಗು ತೆರೆಯುತ್ತದೆ, ಅದೇ ಅಪಾಯ. ಮೂರು ದಿನ ಸಾಕು, ಐದು ದಿನ ಮೀರಬಾರದು. ಮೀರಿದರೆ ಪ್ರಭಾವ ಇಳಿದಾಗ ಮೂಗು ಮೊದಲಿಗಿಂತ ಹೆಚ್ಚು ಊದುತ್ತದೆ, ಮತ್ತೆ ಡ್ರಾಪ್ಸ್, ಮತ್ತೆ ಊತ. ತಿಂಗಳುಗಟ್ಟಲೆ ಜೇಬಲ್ಲಿ ಬಾಟಲಿ ಇಟ್ಟುಕೊಂಡು ಓಡಾಡುವ ಸ್ಥಿತಿ ಬರುವುದು ಹೀಗೆ. ಕ್ಸೈಲೋಮೆಟಾಜೋಲಿನ್ ಆದರೆ 12 ದಾಟಿದವರಿಗೆ 0.1%, ಅದಕ್ಕಿಂತ ಚಿಕ್ಕವರಿಗೆ 0.05%, ಅದೂ ವೈದ್ಯರು ಹೇಳಿದರೆ ಮಾತ್ರ. ಒಂದು ಬಾಟಲಿ ಒಬ್ಬರಿಗೇ. ತುದಿ ಮೂಗಿಗೆ ತಾಗಿದ ಬಾಟಲಿಯನ್ನು ಇಡೀ ಕೋಣೆಗೆ ಹಂಚುವುದು ನೆಗಡಿ ಹಂಚಿದಂತೆಯೇ.

ಆಂಟಿಬಯಾಟಿಕ್ ಬೇಕೆಂದು ವೈದ್ಯರು ತೀರ್ಮಾನಿಸಿದರೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್, ಇಲ್ಲವೆ ಅದರ ಜೊತೆ ಕ್ಲಾವುಲನೇಟ್. ಊಟದ ಜೊತೆ ಕೊಟ್ಟರೆ ಹೊಟ್ಟೆ ಕೆಡುವುದು ಕಡಿಮೆ. ಮೂರು ದಿನದಲ್ಲಿ ಸುಧಾರಣೆ ಕಾಣಬೇಕು, ಕಾಣದಿದ್ದರೆ ಮತ್ತೆ ತೋರಿಸಬೇಕು, ಕಾದು ಕೋರ್ಸ್ ಮುಗಿಸುವುದಲ್ಲ. ಕೌಂಟರಿನಲ್ಲಿ ಜನ ಕೇಳುವುದು ಮೂರು ಮಾತ್ರೆಯ ಅಜಿತ್ರೊಮೈಸಿನ್ ಸ್ಟ್ರಿಪ್. ನ್ಯೂಮೋಕಾಕಸ್ ಅದಕ್ಕೆ ಬಹಳ ಮಟ್ಟಿಗೆ ಬಗ್ಗದಂತಾಗಿದೆ, ಸೈನಸ್ ಸೋಂಕಿಗೆ ಅದನ್ನು ಮೊದಲ ಆಯ್ಕೆಯಾಗಿ ಬಳಸಬಾರದು. ಅದನ್ನು ತೆಗೆದುಕೊಂಡ ಮೇಲೆ ನೆಗಡಿ ಹೋಯಿತು ಎನ್ನುತ್ತಾರೆ. ನಾಲ್ಕನೇ ದಿನ ಶುರುಮಾಡಿ ಏಳನೇ ದಿನ ಗುಣವಾದರೆ, ಆ ನೆಗಡಿ ಏಳನೇ ದಿನ ಹೋಗುವುದೇ ಇತ್ತು.

ಯೋಗ_ತರಬೇತಿ:

ಉಪ್ಪುನೀರಿನ ಜಲನೇತಿ ಎಲ್ಲಕ್ಕಿಂತ ಉತ್ತಮ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಉಪ್ಪು. ತಲೆ ಓರೆ ಮಾಡಿ ಮೇಲಿನ ಹೊಳ್ಳೆಗೆ ಹಾಕಿದರೆ ಕೆಳಗಿನದರಿಂದ ಹರಿದುಹೋಗುತ್ತದೆ.

ಇಎನ್‌ಟಿ_ಧಾರವಾಡ:

ಜಲನೇತಿ ಒಳ್ಳೆಯದೇ, ಆದರೆ ಆ ಅಳತೆ ತಿದ್ದಬೇಕು. ಟೀ ಚಮಚ ಮಟ್ಟವಾಗಿ ತುಂಬಿದರೆ ಪುಡಿ ಉಪ್ಪು ಐದಾರು ಗ್ರಾಂ. 240 ಮಿಲಿ ಲೋಟದಲ್ಲಿ ಅದು 2% ದಾಟುತ್ತದೆ. ನಮ್ಮ ರಕ್ತಕ್ಕೆ ಸಮನಾದದ್ದು 0.9%. ಅದಕ್ಕಿಂತ ಎರಡು ಪಟ್ಟು ಗಡುಸಾದ ನೀರು ಹಾಕಿದರೆ ಮೂಗು ಉರಿದು, ಮಗು ಮತ್ತೆಂದೂ ಒಪ್ಪುವುದಿಲ್ಲ. ಉಪ್ಪೇ ಇಲ್ಲದ ನೀರೂ ಅಷ್ಟೇ ಉರಿಯುತ್ತದೆ, ಒಳಪದರ ನೀರು ಹೀರಿ ಊದುತ್ತದೆ.

ಸರಿಯಾದದ್ದು: 240 ಮಿಲಿ ನೀರಿಗೆ ಅರ್ಧ ಟೀ ಚಮಚಕ್ಕೂ ತುಸು ಕಡಿಮೆ, ಸುಮಾರು 2 ಗ್ರಾಂ ಉಪ್ಪು. ಲೀಟರ್ ಲೆಕ್ಕದಲ್ಲಿ 9 ಗ್ರಾಂ. ಅಡುಗೆ ಸೋಡಾ ಒಂದು ಚಿಟಿಕೆ ಹಾಕಿದರೆ ಉರಿ ಇನ್ನೂ ಕಡಿಮೆ, ಲೋಳೆಯೂ ಸಡಿಲವಾಗುತ್ತದೆ. ಅಯೋಡಿನ್ ಉಪ್ಪಿನಿಂದ ಹಾನಿಯಿಲ್ಲ, ಕೆಲವರಿಗೆ ಚುರುಗುಟ್ಟಬಹುದು. ಹಾಸ್ಟೆಲ್‌ಗೆ ಮೆಡಿಕಲ್‌ನಲ್ಲಿ ಸಿಗುವ ಅಳತೆಯ ಪುಡಿ ಪೊಟ್ಟಣಗಳೇ ಕ್ಷೇಮ, ಚಮಚದ ತಕರಾರು ಇರುವುದಿಲ್ಲ.

ಉಪ್ಪಿಗಿಂತ ಮುಖ್ಯ ನೀರು. ನಲ್ಲಿ, ಬೋರ್‌ವೆಲ್, ಬಾವಿ ನೀರನ್ನು ಹಾಗೇ ಮೂಗಿಗೆ ಹಾಕಬಾರದು. ಫಿಲ್ಟರ್ ನೀರೂ ಬೇಡ. ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕೊತಕೊತ ಕುದಿಸಿ, ಮುಚ್ಚಿಟ್ಟು ಆರಿಸಿ, ಅಂದೇ ಬಳಸಿ. ಕಾರಣ ನೆಗ್ಲೇರಿಯಾ ಎಂಬ ಅಮೀಬಾ. ಕುಡಿದರೆ ಅದು ಏನೂ ಮಾಡದು, ಮೂಗಿನ ಮೂಲಕ ಹೋದರೆ ವಾಸನೆಯ ನರ ಹಿಡಿದು ಮಿದುಳು ಸೇರುತ್ತದೆ, ಆಮೇಲೆ ಬದುಕುವವರು ತೀರಾ ವಿರಳ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಹೀಗೆ ತೀರಿಕೊಂಡರು. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾ ಮಿದುಳು ಜ್ವರದ ಪ್ರಕರಣಗಳು ಸುದ್ದಿಯಾದದ್ದು ಎಲ್ಲರಿಗೂ ನೆನಪಿರಬೇಕು.

ಮಾಡುವಾಗ ಬೇಸಿನ್ ಮೇಲೆ ಮುಂದಕ್ಕೆ ಬಾಗಿ, ಬಾಯಿ ತೆರೆದು ಬಾಯಿಂದಲೇ ಉಸಿರಾಡಬೇಕು, ನಡುವೆ ಮಾತಾಡಬಾರದು, ನುಂಗಬಾರದು. ಮೂಗು ಪೂರ್ತಿ ಕಟ್ಟಿದ್ದರೆ, ಕಿವಿ ನೋವಿದ್ದರೆ ಅಂದು ಬೇಡ. ಪ್ರತಿಯೊಬ್ಬರಿಗೂ ಬೇರೆ ಪಾತ್ರೆ, ತೊಳೆದು ಒಣಗಿಸಿಡಬೇಕು. ಇದು ಆಗದಿದ್ದರೆ 0.65% ಸಲೈನ್ ಡ್ರಾಪ್ಸ್ ಸಾಕು, ಎಷ್ಟು ದಿನ ಬೇಕಾದರೂ ಹಾಕಬಹುದು, ಚಟವಾಗುವ ಡ್ರಾಪ್ಸ್ ಅಲ್ಲ ಅದು.

ಮೂಗು ಸೀಟುವುದರ ಬಗ್ಗೆಯೂ ಹೇಳಿಬಿಡುತ್ತೇನೆ, ಇದನ್ನು ಯಾರೂ ಕಲಿಸುವುದಿಲ್ಲ. ಅದೇ ಗ್ವಾಲ್ಟ್ನಿ ತಂಡ 2000ರಲ್ಲಿ ಅಳೆದು ತೋರಿಸಿದ್ದು: ಮೂಗು ಸೀಟುವಾಗ ಒಳಗೆ ಸರಾಸರಿ 66 ಮಿಲಿಮೀಟರ್ ಪಾದರಸದಷ್ಟು ಒತ್ತಡ ಏಳುತ್ತದೆ, ಸೀನುವಾಗ ಕೆಮ್ಮುವಾಗ ಅದರ ಹತ್ತನೇ ಒಂದರಷ್ಟು. ಆ ಒತ್ತಡಕ್ಕೆ ಮೂಗಿನ ಲೋಳೆ ಸೈನಸ್ ಒಳಗೆ ನುಗ್ಗುತ್ತದೆ. ಎರಡೂ ಹೊಳ್ಳೆ ಹಿಡಿದು ಜೋರಾಗಿ ಸೀಟಿದರೆ ಹೊರಗೆ ಬರುವುದರ ಜೊತೆ ಒಳಗೂ ಹೋಗುತ್ತದೆ, ಕಿವಿಗೂ ತಳ್ಳುತ್ತದೆ. ಒಂದು ಹೊಳ್ಳೆ ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಇನ್ನೊಂದರಿಂದ ಮೆಲ್ಲಗೆ. ಆಮೇಲೆ ಇನ್ನೊಂದು ಕಡೆ.

ಮಕ್ಕಳ_ಡಾಕ್ಟರ್_ಮೈಸೂರು:

ಆವಿಯ ಬಗ್ಗೆ ಯಾರೂ ಹೇಳಲಿಲ್ಲ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಮೇಲೆ ಕಂಬಳಿ ಮುಚ್ಚುವ ಪದ್ಧತಿಯನ್ನು ಹಾಸ್ಟೆಲ್‌ನಲ್ಲಿ ಪೂರ್ತಿ ನಿಲ್ಲಿಸಿ. ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಡುವುದು ಈ ಪದ್ಧತಿಯ ನಿಜವಾದ ಅಪಾಯ. ಆವಿಯಿಂದ ನೆಗಡಿ ಬೇಗ ಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಆ ಹೊತ್ತಿಗೆ ಹಾಯೆನಿಸುತ್ತದೆ ಅಷ್ಟೆ. ಅದೇ ಹಾಯಿ ಬಿಸಿ ಮೆಣಸಿನ ಸಾರಲ್ಲಿ, ಜೀರಿಗೆ ಕಷಾಯದಲ್ಲಿ, ಬಿಸಿನೀರ ಸ್ನಾನದಲ್ಲಿ ಸಿಗುತ್ತದೆ. ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನು, ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಸಲ್ಲದು.

ಮೆಂಥಾಲ್, ನೀಲಗಿರಿ ಹಚ್ಚಿದಾಗ ಮೂಗು ಬಿಟ್ಟಂತೆ ಅನಿಸುವುದು ಮೂಗಿನ ತಂಪು ಗ್ರಹಿಸುವ ನರಗಳನ್ನು ಅದು ಕೆಣಕುವುದರಿಂದ. ಗಾಳಿಯ ದಾರಿ ಅಗಲವಾಗಿರುವುದಿಲ್ಲ. ಕರ್ಪೂರದ ಪೊಟ್ಟಣ ದಿಂಬಿನಡಿ ಇಡುವುದು ಬೇಡ, ಚಿಕ್ಕವರು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತದೆ. ಎಣ್ಣೆ ಸ್ನಾನದ ದಿನ ಕೂಸಿನ ಮೂಗಿಗೆ ಎಣ್ಣೆ ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಬಹಳ ಕಷ್ಟ ಕೊಡುತ್ತದೆ, ಮನೆಯವರು ಕೇಳಿದರೆ ದಯವಿಟ್ಟು ತಡೆಯಿರಿ.

ದಂತವೈದ್ಯ_ಶಿವಮೊಗ್ಗ:

ಒಂದು ಸೇರಿಸುತ್ತೇನೆ. ಮೇಲಿನ ದವಡೆ ಹಲ್ಲುಗಳ ಬೇರು ಕೆನ್ನೆಯ ಸೈನಸ್ಸಿನ ತಳಕ್ಕೆ ತಾಗಿಕೊಂಡೇ ಇರುತ್ತದೆ. ಎರಡೂ ದಿಕ್ಕಿನಲ್ಲಿ ದಾರಿ ತಪ್ಪುತ್ತದೆ. ಸೈನಸ್ ಊದಿದಾಗ ಮೇಲಿನ ಹಲ್ಲುಗಳೆಲ್ಲ ಒಟ್ಟಿಗೆ ಮಂದವಾಗಿ ನೋಯುತ್ತವೆ, ಬಗ್ಗಿದರೆ ಹೆಚ್ಚು. ಒಂದೇ ಹಲ್ಲು ಬಡಿದರೆ ನೋವು, ಒಂದೇ ಕಡೆ ಮೂಗಿನಿಂದ ದುರ್ವಾಸನೆ, ನೆಗಡಿಯ ಹಿನ್ನೆಲೆಯೇ ಇಲ್ಲ ಎಂದರೆ ಹಲ್ಲಿನ ಕೀವು ಸೈನಸ್‌ಗೆ ಒಡೆದಿದೆ. ಹಲ್ಲಿಗೆ ಚಿಕಿತ್ಸೆ ಆಗದೆ ಎಷ್ಟು ಆಂಟಿಬಯಾಟಿಕ್ ತಿಂದರೂ ಅದು ಮರಳುತ್ತಲೇ ಇರುತ್ತದೆ.

ಇಎನ್‌ಟಿ_ಧಾರವಾಡ:

ಸರಿಯಾದ ಮಾತು. ತಲೆನೋವಿನಲ್ಲೂ ಇದೇ ಅಡ್ಡದಾರಿ ಇದೆ. ತಾವೇ "ಸೈನಸ್ ತಲೆನೋವು" ಎಂದುಕೊಂಡಿದ್ದ 2,991 ಜನರನ್ನು ಪರೀಕ್ಷಿಸಿದ 2004ರ ಅಧ್ಯಯನವೊಂದರಲ್ಲಿ 88% ಜನರ ಲಕ್ಷಣ ಮೈಗ್ರೇನಿನದಾಗಿತ್ತು. ಹಣೆ ಭಾರ, ಜೊತೆಗೆ ಬೆಳಕು ಸದ್ದು ಸಹಿಸದಿರುವುದು, ವಾಕರಿಕೆ, ಕೆಲವು ಗಂಟೆ ಕತ್ತಲಲ್ಲಿ ಮಲಗಿದರೆ ಹೋಗುವುದು, ಕೀವಿನಂಥ ಸಿಂಬಳ ಇಲ್ಲ: ಇದು ಮೈಗ್ರೇನ್. ಹೈಸ್ಕೂಲ್ ಹುಡುಗಿಯರಲ್ಲಿ ಇದನ್ನು ಸೈನಸ್ ಎಂದು ವರ್ಷಗಟ್ಟಲೆ ನಡೆಸಿಕೊಂಡು ಬರುವುದುಂಟು. ಹಣೆಯ ಸೈನಸ್ ಗಾಳಿ ತುಂಬಿ ಬೆಳೆಯುವುದೇ ಆರೇಳು ವರ್ಷದ ಮೇಲೆ, ಹಾಗಾಗಿ ಮೂರು ವರ್ಷದ ಕೂಸಿಗೆ "ಹಣೆಯ ಸೈನಸ್" ಎಂಬುದು ಇರಲು ಸಾಧ್ಯವಿಲ್ಲ.

ಅಡುಗೆಯವರು, ವಾರ್ಡನ್‌ಗಳಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದು, ನೆಗಡಿಯ ಜೊತೆ ಕೆನ್ನೆ ಜೋಮು, ಮೂಗಿನಿಂದ ಕಪ್ಪು ಅಥವಾ ರಕ್ತದ ಕಲೆಯ ಸ್ರಾವ, ಮೇಲಿನ ಹಲ್ಲು ಅಲುಗುವುದು ಕಂಡರೆ ಹತ್ತು ದಿನದ ಲೆಕ್ಕ ಅವರಿಗೆ ಅನ್ವಯಿಸದು. 2021ರಲ್ಲಿ ನಮ್ಮ ರಾಜ್ಯ ಕಂಡ ಕಪ್ಪು ಶಿಲೀಂಧ್ರದ ಲಕ್ಷಣ ಇವೇ. ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ವಸತಿಶಾಲೆ_ನರ್ಸ್:

ಎಲ್ಲರಿಗೂ ಬಹಳ ಉಪಕಾರ. ಕೊನೆಯದಾಗಿ, "ಕಾಯಲೇಬಾರದು" ಎಂಬ ಭಾಗ. ರಾತ್ರಿ ಹನ್ನೊಂದಕ್ಕೆ ವಾರ್ಡನ್ ನೋಡುತ್ತಾರೆ, ನೆಗಡಿಯ ಮಗುವಿನ ಒಂದು ಕಣ್ಣಿನ ರೆಪ್ಪೆ ಊದಿದೆ. ನಾನು ಇರುವುದಿಲ್ಲ. ಅವರು ಏನು ನೋಡಬೇಕು, ಬೆಳಗಿನವರೆಗೆ ಕಾಯಬಹುದೆ?

ಇಎನ್‌ಟಿ_ಧಾರವಾಡ:

ಕಾಯುವ ಹಾಗಿಲ್ಲ. ಎರಡು ಕಣ್ಣುಗಳ ನಡುವಿನ ಸೈನಸ್‌ಗೂ ಕಣ್ಣಿನ ಗೂಡಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಎಲುಬು. ಮಕ್ಕಳಲ್ಲಿ ಸೋಂಕು ಕಣ್ಣಿನ ಕಡೆಗೆ ಹರಡುವುದು ಸೈನಸ್ ಸೋಂಕಿನ ತೊಡಕುಗಳಲ್ಲೆಲ್ಲ ಹೆಚ್ಚು ಕಾಣುವಂಥದ್ದು, ಆ ಎಲುಬನ್ನು ದಾಟಿದರೆ ಕಣ್ಣಿನ ಗೂಡಿನಲ್ಲಿ ಕೀವು ಕಟ್ಟಬಹುದು. ದೃಷ್ಟಿ ನರದ ಮೇಲೆ ಒತ್ತಡ ಬಿದ್ದರೆ ಉಳಿಸಿಕೊಳ್ಳಲು ಸಿಗುವುದು ಗಂಟೆಗಳು, ದಿನಗಳಲ್ಲ.

ವಾರ್ಡನ್ ಟಾರ್ಚ್ ಹಿಡಿದು ನೋಡಬೇಕಾದ್ದು: ರೆಪ್ಪೆಯನ್ನು ಮೆಲ್ಲಗೆ ಎತ್ತಿ, ತಲೆ ಅಲುಗಿಸದೆ ಮೇಲೆ, ಕೆಳಗೆ, ಎಡ, ಬಲ ನೋಡಲು ಹೇಳಿ. ನೋವಾದರೆ, ಕಣ್ಣು ಪೂರ್ತಿ ತಿರುಗದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಗುಡ್ಡೆ ಮುಂದಕ್ಕೆ ಬಂದಂತಿದ್ದರೆ ಗಂಭೀರ. ಒಂದೊಂದೇ ಕಣ್ಣು ಮುಚ್ಚಿ ಯಾವುದಾದರೂ ಕೆಂಪು ವಸ್ತು ತೋರಿಸಿ. ಊದಿದ ಕಣ್ಣಿಗೆ ಕೆಂಪು ಮಸುಕಾಗಿ ಕಂಡರೆ ನರಕ್ಕೆ ಪೆಟ್ಟು ಶುರುವಾಗಿದೆ. ಹಣೆಯ ಮೇಲೆ ಹಿಟ್ಟಿನಂತೆ ಒತ್ತಿದರೆ ತಗ್ಗುವ ಊತ, ಕತ್ತು ಬಗ್ಗದಿರುವುದು, ಬಿಡದ ವಾಂತಿ, ಗೊಂದಲದ ಮಾತು, ತೀವ್ರ ತಲೆನೋವು ಇವೂ ಅದೇ ಸಾಲಿಗೆ ಸೇರಿದವು. ಈ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿ ಕಂಡರೂ, ನೆಗಡಿಯ ಜೊತೆ ರೆಪ್ಪೆ ಊದಿದೆ ಎಂದರೆ ಅಂದು ರಾತ್ರಿಯೇ ವೈದ್ಯರು ನೋಡಬೇಕು.

108ಕ್ಕೆ ಕರೆ ಮಾಡಿ, ಕಣ್ಣು ಊದಿದ್ದು ಯಾವಾಗ ಗಮನಕ್ಕೆ ಬಂತು, ನೆಗಡಿಯ ಎಷ್ಟನೇ ದಿನ, ಜ್ವರ ಎಷ್ಟು, ಕೊನೆಯ ಪ್ಯಾರಾಸಿಟಮಾಲ್ ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ. ಸಿಟಿ ಸ್ಕ್ಯಾನ್, ಇಎನ್‌ಟಿ ಮತ್ತು ಕಣ್ಣಿನ ವೈದ್ಯರು ಮೂರೂ ಇರುವ ಕಡೆಗೆ, ಅಂದರೆ ಸಾಮಾನ್ಯವಾಗಿ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಒಯ್ಯಲು ಕೇಳಿಕೊಳ್ಳಿ. ಹೊರಡುವ ಮೊದಲು ಊಟ, ಹಾಲು ಕೊಡಬೇಡಿ, ಅಂದೇ ಆಪರೇಷನ್ ಬೇಕಾಗಬಹುದು. ಮನೆಯವರಿಗೆ ಫೋನ್ ಮಾಡಿ, ಆದರೆ ಅವರು ಬರುವವರೆಗೆ ಆಂಬುಲೆನ್ಸ್ ನಿಲ್ಲಿಸಿಕೊಳ್ಳಬೇಡಿ.